ಮೈಸೂರಿನ ಪ್ರಶ್ನೆ, ಇಳಕಲ್ಲಿನ ಉತ್ತರ

ಇಳಕಲ್
14 ಜುಲೈ 2001

ಅಮ್ಮ,

ಯುಗಾದಿಗೊಂದು, ದೀಪಾವಳಿಗೊಂದು ಎಂದು ನಾವಿಬ್ಬರೂ ಬರೆದುಕೊಳ್ಳುವ ಕಾರ್ಡಿನಲ್ಲಿ ಕ್ಷೇಮ ಸಮಾಚಾರವೆಲ್ಲ ಮುಗಿದಿರುತ್ತದೆ. ಇದು ಅಂಥ ಕಾಗದವಲ್ಲ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ನಿನಗೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು.

ಹೋದ ತಿಂಗಳು ಒಂದು ಸಂಸ್ಥೆಯವರು ಇಲ್ಲಿಯ ಶಾಲೆಗಳಿಗೆ ಬಂದು ಒಂದನೆಯ ತರಗತಿಯ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿಕೊಂಡು ಬುದ್ಧಿ ಅಳೆದರು. ಕಡಿಮೆ ಬಂದವರನ್ನು ಬಾಗಲಕೋಟೆಯ ನವನಗರದಲ್ಲಿ ಹೊಸದಾಗಿ ತೆರೆಯುವ ಪ್ರತ್ಯೇಕ ಶಾಲೆಗೆ ಕಳಿಸುತ್ತಾರಂತೆ. ಊಟ, ವಸತಿ ಎಲ್ಲ ಅಲ್ಲೇ. ಆರು ವರ್ಷದ ಮಕ್ಕಳು, ಅಮ್ಮ. ನಮ್ಮ ಶಾಲೆಯ ಅರ್ಧ ತರಗತಿ ಕಡಿಮೆಯ ಗುಂಪಿಗೆ ಬಿದ್ದಿದೆ. ಅದರಲ್ಲಿ ಸುಶ್ಮಿತಾ ಇದ್ದಾಳೆ. ನಿನ್ನ ಮೊಮ್ಮಗಳು.

ಅಳೆದದ್ದು ನಿನ್ನ ಪರೀಕ್ಷೆಯಿಂದ. ಅದೇ ಹಸಿರು ರಟ್ಟು, ಮೇಲೆ ನಿನ್ನ ಹೆಸರು.

ಏನೇನು ಕೇಳಿದರು ಎಂದು ಸುಶ್ಮಿತಾಳನ್ನು ವಿಚಾರಿಸಿದೆ. ಬಂದ ಹುಡುಗ ಬೆಂಗಳೂರಿನವನು. ಅಕ್ಕರೆಯಿಂದಲೇ "ಹೇಳು ಪುಟ್ಟಿ" ಎಂದಿದ್ದಾನೆ. ಇವಳು ಅದನ್ನು ಯಾರದೋ ಹೆಸರೆಂದುಕೊಂಡು, "ಪುಟ್ಟಿ ನಮ್ಮ ಸಾಲ್ಯಾಗ ಇಲ್ರಿ" ಎಂದಿದ್ದಾಳೆ. ಕೊಡೆ ತೋರಿಸು ಎಂದರೆ ನೀರಿನ ಕೊಡ ತೋರಿಸಿದ್ದಾಳೆ. ಛತ್ರಿಗೆ ಕೊಡೆ ಎನ್ನುವುದನ್ನು ಅವಳು ಹುಟ್ಟಿದಾಗಿನಿಂದ ಕೇಳಿಲ್ಲ. ಬೀಗ ಎಂದರೇನು ಎಂದು ಕೇಳಿದ್ದಕ್ಕೆ, "ನಮ್ಮ ಅತ್ತಿ ಗಂಡನ ಮನಿಯವರು, ಅವರು ಬಂದಾಗ ಹೋಳಿಗಿ ಮಾಡ್ತೇವಿ" ಎಂದಳಂತೆ. ಇಲ್ಲಿ ಬಾಗಿಲಿಗೆ ಹಾಕುವುದು ಕೀಲಿ. ಮನೆಯಲ್ಲಿ ಒಬ್ಬಳೇ ಇರುವಾಗ ಗುರುತಿಲ್ಲದವರು ಬಂದು ಬಾಗಿಲು ತಟ್ಟಿದರೆ ಏನು ಮಾಡುತ್ತೀಯೆ ಎಂಬುದಕ್ಕೆ, "ಒಳಗ ಬರ್ರಿ ಅಂತೇನಿ, ನೀರು ಕೊಡ್ತೇನಿ." ನಿನ್ನ ಕೈಪಿಡಿಯ ಪ್ರಕಾರ ಎಲ್ಲಕ್ಕೂ ಸೊನ್ನೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಮಗ್ಗಗಳಿವೆ. ಹಗಲು ಬಾಗಿಲು ಹಾಕುವುದಿಲ್ಲ. ಸೀರೆ ಕೊಳ್ಳಲು ಬರುವವರಲ್ಲಿ ಮುಕ್ಕಾಲು ಪಾಲು ಗುರುತಿಲ್ಲದವರು.

ಈ ಪರೀಕ್ಷೆ ಈ ಕಡೆಯ ಮಕ್ಕಳಿಗೆ ಹೊಂದುವುದಿಲ್ಲ ಎಂದು ಆ ಸಂಸ್ಥೆಗೆ ನೀನು ಬರೆಯಬೇಕು. ನಾನು ಬರೆದರೆ ಒಬ್ಬ ತಾಯಿಯ ಗೋಳು. ನೀನು ಬರೆದರೆ ನಿಲ್ಲುತ್ತದೆ.

ಅನುರಾಧಾ

*

ಮೈಸೂರು
2 ಆಗಸ್ಟ್ 2001

ಚಿ. ಅನುರಾಧಾಳಿಗೆ,

ನಿನ್ನ ಕಾಗದ ಬಂತು. ಎರಡು ಸಲ ಓದಿದೆ.

ಆ ಪರೀಕ್ಷೆಯನ್ನು ನಾನು ಒಂದು ಬೇಸಿಗೆಯಲ್ಲಿ ಕೂತು ಬರೆದದ್ದಲ್ಲ. ಮೈಸೂರು, ಮಂಡ್ಯ, ತುಮಕೂರು, ಬೆಂಗಳೂರು ಜಿಲ್ಲೆಗಳ ಶಾಲೆ ಶಾಲೆಗೆ ಅಲೆದು, ಒಂದೊಂದು ಪ್ರಶ್ನೆಯನ್ನೂ ನೂರಾರು ಮಕ್ಕಳ ಮುಂದಿಟ್ಟು, ನಿಲ್ಲದ್ದನ್ನು ಕಿತ್ತುಹಾಕಿ ಕಟ್ಟಿದ್ದು. ಅದಕ್ಕೆ ಮೊದಲು ನಮ್ಮ ಮಕ್ಕಳನ್ನು ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದ ಪ್ರಶ್ನೆಗಳಿಂದ ಅಳೆಯುತ್ತಿದ್ದರು. ಹಿಮ, ಬೆಂಕಿಗೂಡು, ಹಡಗುಕಟ್ಟೆ. ಕನ್ನಡದ ಮಗುವಿಗೆ ಕನ್ನಡದ ಪರೀಕ್ಷೆ ಬೇಕು ಎಂದು ಇಡೀ ಮನಶ್ಶಾಸ್ತ್ರ ವಿಭಾಗದ ಎದುರು ಹಟ ಹಿಡಿದವಳು ನಾನು. ಈಗ ನೀನು ನನಗೆ ಅದೇ ಪಾಠ ಹೇಳಬೇಡ.

ಕೀಲಿ, ಛತ್ರಿ ನಿಮ್ಮ ಕಡೆಯ ಮಾತು, ಒಪ್ಪಿದೆ. ಆದರೆ ಪಠ್ಯಪುಸ್ತಕ ರಾಜ್ಯಕ್ಕೆಲ್ಲ ಒಂದೇ. ಶಾಲೆಯ ಭಾಷೆ ಬಾರದ ಮಗು ಶಾಲೆಯಲ್ಲಿ ಹಿಂದೆ ಬೀಳುತ್ತದೆ. ಪರೀಕ್ಷೆ ಅದನ್ನು ಹೇಳಿದರೆ ಅದು ಪರೀಕ್ಷೆಯ ತಪ್ಪಲ್ಲ.

ಮಗುವನ್ನು ಇಲ್ಲಿಗೆ ಕರೆದುಕೊಂಡು ಬಾ. ನಾನೇ ಕೂತು ನೋಡುತ್ತೇನೆ. ಆದರೆ ಒಂದು ಅಂಕವನ್ನೂ ಮೊಮ್ಮಗಳೆಂದು ಸೇರಿಸಿ ಕೊಡುವುದಿಲ್ಲ.

ಕೊನೆಯದಾಗಿ ಒಂದು ಮಾತು. ಅವಳ ಹೆಸರು ಆ ಗುಂಪಿನಲ್ಲಿ ಇರದಿದ್ದರೆ ಈ ಕಾಗದ ಬರುತ್ತಿತ್ತೆ?

ಆಶೀರ್ವಾದಗಳು.

ಅಮ್ಮ

*

ಇಳಕಲ್
26 ಆಗಸ್ಟ್ 2001

ಅಮ್ಮ,

ನಿನ್ನ ಕೊನೆಯ ಪ್ರಶ್ನೆಗೆ ಉತ್ತರ: ಬರುತ್ತಿರಲಿಲ್ಲ. ಆದರೆ ಬಂದಾಗಿದೆ. ಇನ್ನು ನನ್ನ ಮಗಳೊಬ್ಬಳನ್ನು ಆ ಗುಂಪಿನಿಂದ ಬಿಡಿಸಿಕೊಂಡು ಮೈಸೂರಿನ ರೈಲು ಹತ್ತುವುದು ನನ್ನಿಂದಾಗದು. ಕರೆತರುವುದಿಲ್ಲ.

ಕಳೆದ ವಾರ ಶಾಲೆಯಲ್ಲಿ ತಂದೆ ತಾಯಂದಿರ ಸಭೆ ಮಾಡಿದರು. ಮಕ್ಕಳನ್ನು ಕಳಿಸಲು ನಮ್ಮ ಒಪ್ಪಿಗೆಯ ಸಹಿ ಬೇಕಂತೆ. ಬಂದಿದ್ದ ಶಿಕ್ಷಣ ಇಲಾಖೆಯ ಅಧಿಕಾರಿ ಒಳ್ಳೆಯ ಮಾತಿನವರು. ಅಲ್ಲಿ ಆಟದ ಸಾಮಾನುಗಳಿವೆ, ಹಾಲು ಕೊಡುತ್ತಾರೆ ಎಂದೆಲ್ಲ ಹೇಳಿದರು. ಆಮೇಲೆ ದುರ್ಗವ್ವ ಎದ್ದು ನಿಂತಳು. ನಮ್ಮ ಓಣಿಯವಳು, ಮಗ್ಗದವರಿಗೆ ನೂಲು ಸುತ್ತಿಕೊಡುತ್ತಾಳೆ. ಅವಳ ಮಗಳು ಬೋರವ್ವ ಸುಶ್ಮಿತಾಳ ತರಗತಿಯವಳು, ಅಜ್ಜಿಯ ಹೆಸರಿಟ್ಟಿದ್ದಾರೆ. ಬೋರವ್ವನೂ ಕಡಿಮೆಯ ಗುಂಪಿನಲ್ಲಿದ್ದಾಳೆ.

"ಅಳಿಯಾಕ ಬಂದಿದ್ರಿ, ಅಳದ್ರಿ. ಇನ್ನ ನಿಮ್ಮ ಅಳತಿ ತಗೊಂಡು ಹೋಗ್ರಿ. ನಮ್ಮ ಕೂಸುಗೋಳನ್ನ ಬಿಟ್ಟು ಹೋಗ್ರಿ" ಎಂದಳು.

ಅವಳ ಪಕ್ಕದಲ್ಲಿ ನಾನೂ ಎದ್ದು ನಿಂತೆ. ಟಿ.ಸಿ.ಎಚ್. ಕಾಲೇಜಿನಲ್ಲಿ ಮುಂದೆ ಶಿಕ್ಷಕರಾಗುವವರಿಗೆ ಮನಶ್ಶಾಸ್ತ್ರ ಕಲಿಸುವವಳು ನಾನೇ ಆದ್ದರಿಂದ, ಈ ಪರೀಕ್ಷೆ ಎಲ್ಲಿ ತಪ್ಪುತ್ತದೆ ಎಂದು ಒಂದೊಂದಾಗಿ ಹೇಳಿದೆ. ಅದನ್ನು ಬರೆದವರು ನನ್ನ ತಾಯಿ ಎಂದೂ ಹೇಳಿದೆ. ಒಬ್ಬರೂ ಸಹಿ ಮಾಡಲಿಲ್ಲ.

ಉರ್ದು ಶಾಲೆಯ ಶಿಕ್ಷಕಿ ಜೋಹರಾ ಸಭೆಗೆ ಬಂದಿದ್ದಳು. ಅವಳ ಶಾಲೆಯ ಮಕ್ಕಳು ಮನೆಯಲ್ಲಿ ಆಡುವುದು ಉರ್ದು, ಕಲಿಯುವುದು ಉರ್ದು. ಅವರನ್ನೂ ಕನ್ನಡದಲ್ಲಿ ಕೇಳಿ ಸೊನ್ನೆ ಹಾಕಿ ಹೋಗಿದ್ದಾರೆ. ನಾವಿಬ್ಬರೂ ಸೇರಿ ನಿನ್ನ ಪರೀಕ್ಷೆಯನ್ನು ಬಿಚ್ಚಿ, ಇಲ್ಲಿಯ ಕನ್ನಡಕ್ಕೂ ಇಲ್ಲಿಯ ಉರ್ದುವಿಗೂ ಹೊಸದಾಗಿ ಕಟ್ಟುತ್ತೇವೆ. ನಿನ್ನ ಅನುಮತಿ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಅನುರಾಧಾ

*

ಮೈಸೂರು
10 ಅಕ್ಟೋಬರ್ 2001

ಅನುರಾಧಾ,

ಅನುಮತಿ ಇಲ್ಲ. ಹಕ್ಕು ನನ್ನದು ಮತ್ತು ಪ್ರಕಾಶಕರದು. ನೀನು ಮಾಡಹೊರಟಿರುವುದನ್ನು ಅವರಿಗೆ ಬರೆದು ತಿಳಿಸಿದ್ದೇನೆ. ಅವರು ಏನು ಮಾಡುತ್ತಾರೋ ಅವರಿಗೆ ಬಿಟ್ಟದ್ದು.

ಹೇಗೂ ಮಾಡುತ್ತೀಯ ಎಂದು ಗೊತ್ತು. ಕೆಟ್ಟ ಕೆಲಸವನ್ನು ನೋಡುವುದು ನನ್ನಿಂದಾಗದ ಕಾರಣ ಹೇಳುತ್ತೇನೆ. ಪದ ಬದಲಿಸಿದರೆ ಪ್ರಶ್ನೆ ಬದಲಾಗುತ್ತದೆ. ಬೀಗ ನಮ್ಮ ಮಕ್ಕಳಿಗೆ ಎಷ್ಟು ಕಷ್ಟವೋ ನಿನ್ನ ಪದ ನಿಮ್ಮ ಮಕ್ಕಳಿಗೆ ಅಷ್ಟೇ ಕಷ್ಟವಾಗಬೇಕು. ಉರ್ದುವಿಗೆ ಇಳಿಸಿದ್ದನ್ನು ಮೂಲ ನೋಡದ ಮತ್ತೊಬ್ಬರಿಂದ ಮರಳಿ ಕನ್ನಡಕ್ಕೆ ತರಿಸು. ಎಲ್ಲಿ ಜಾರಿದೆ ಎಂದು ಆಗ ಕಾಣುತ್ತದೆ. ಎಲ್ಲ ಮಕ್ಕಳೂ ತೇರ್ಗಡೆಯಾಗುವ ಪರೀಕ್ಷೆ ಪರೀಕ್ಷೆಯಲ್ಲ, ಪೆಪ್ಪರಮಿಂಟು.

ನಿನ್ನ ಮಗಳನ್ನು ನೀನು ಪರೀಕ್ಷಿಸಬೇಡ.

ಅಮ್ಮ

*

ಇಳಕಲ್
18 ಮಾರ್ಚ್ 2002

ಅಮ್ಮ,

ಇಷ್ಟು ತಿಂಗಳು ಬರೆಯದಿದ್ದುದಕ್ಕೆ ಕಾರಣ ಕೆಲಸ. ನೀನು ಹೇಳಿದ್ದನ್ನೆಲ್ಲ ಮಾಡಿದೆವು, ನೀನು ಹೇಳಿದೆ ಎಂದಲ್ಲ, ಸರಿ ಇತ್ತು ಎಂದು.

ಬೀಗ ತೆಗೆದು ಕೀಲಿ ಹಾಕಿದೆವು. ಮೂರು ವರ್ಷದ ಮಗುವೂ ಹೇಳಿಬಿಟ್ಟಿತು. ಅದನ್ನು ಬಿಟ್ಟು ಬೇರೆ ಪದ ಹುಡುಕಲು ಒಂದು ತಿಂಗಳು ಹಿಡಿಯಿತು. ಜೋಹರಾ ಉರ್ದುವಿಗೆ ತಂದದ್ದನ್ನು ಹುನಗುಂದದಲ್ಲಿ ಮೇಷ್ಟ್ರಾಗಿರುವ ಅವಳ ತಮ್ಮ ಅರ್ಷದ್ ಮರಳಿ ಕನ್ನಡಕ್ಕೆ ಇಳಿಸಿದ. ಒಂದು ಪ್ರಶ್ನೆಯಲ್ಲಿ ನಾವು ಕಳಿಸಿದ ಧೈರ್ಯವಂತ ಹುಡುಗ ಸೊಕ್ಕಿನ ಹುಡುಗನಾಗಿ ತಿರುಗಿ ಬಂದ. ಜೋಹರಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಬಾಗಿಲು ತಟ್ಟುವ ಪ್ರಶ್ನೆಯನ್ನೇ ತೆಗೆದುಹಾಕಿದೆವು. ಬದಲಿಗೆ, "ಸಂತ್ಯಾಗ ನಿಮ್ಮವ್ವ ಕಾಣದಂಗಾದ್ರ ಏನು ಮಾಡ್ತಿ?" ಒಬ್ಬಳು ನಿಂತಲ್ಲೇ ನಿಲ್ಲುತ್ತೇನೆ ಎಂದಳು. ಒಬ್ಬ, ಬಳೆ ಅಂಗಡಿಯ ಹುಸೇನಸಾಬರ ಹತ್ತಿರ ಹೋಗಿ ಕೂರುತ್ತೇನೆ, ಅವ್ವ ಹೇಗೂ ಅಲ್ಲಿಗೆ ಬರುತ್ತಾಳೆ ಎಂದ. ಎರಡಕ್ಕೂ ಪೂರ್ತಿ ಅಂಕ. ತುಂಡುಗಳನ್ನು ಜೋಡಿಸುವ ಪರೀಕ್ಷೆಗೆ ಸಮಯದ ಮಿತಿ ತೆಗೆದೆವು. ಮಗ್ಗದ ಮನೆಯ ಮಕ್ಕಳು ಅವಸರ ಮಾಡುವುದಿಲ್ಲ. ಅವಸರ ಮಾಡಿದರೆ ಎಳೆ ಹರಿಯುತ್ತದೆ ಎಂದು ಬೈಸಿಕೊಂಡು ಬೆಳೆದವರು.

ಇಳಕಲ್ಲಿನ ಓಣಿಗಳಲ್ಲಿ, ಹುನಗುಂದದಲ್ಲಿ, ಕೆಲವು ವಾರ ಬಾದಾಮಿಯಲ್ಲೂ ನನ್ನ ವಿದ್ಯಾರ್ಥಿಗಳು ಮನೆ ಮನೆ ತಿರುಗಿದರು. ಮೊದಲು ಕಡಿಮೆಯ ಗುಂಪಿಗೆ ಬಿದ್ದಿದ್ದ ಮಕ್ಕಳಲ್ಲಿ ಬಹುಪಾಲು ಎಲ್ಲ ಮಕ್ಕಳಂತೆಯೇ ಇದ್ದಾರೆ. ಸುಶ್ಮಿತಾಳನ್ನು ಜೋಹರಾ ನೋಡಿದಳು, ನಾನು ಆ ಹೊತ್ತಿನಲ್ಲಿ ಶಾಲೆಯ ಆವರಣದಲ್ಲೂ ಇರಲಿಲ್ಲ. ಅವಳ ವಯಸ್ಸಿಗೆ ಎಷ್ಟಿರಬೇಕೋ ಅಷ್ಟು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಇದನ್ನೆಲ್ಲ ತೆಗೆದುಕೊಂಡು ಹೋಗಿ ನವನಗರದ ಇಲಾಖೆಯ ಕಚೇರಿಯಲ್ಲಿ ಇಟ್ಟೆವು. ಈ ತಾಲೂಕಿನ ಮಕ್ಕಳನ್ನು ಕಳಿಸುವುದನ್ನು ಒಂದು ವರ್ಷ ನಿಲ್ಲಿಸಿದ್ದಾರೆ. ದುರ್ಗವ್ವ ಓಣಿಗೆಲ್ಲ ಚುರುಮುರಿ ಹಂಚಿದಳು. ನೀನು ಬರೆಯದ ಕಾಗದವನ್ನು ನಾವೇ ಬರೆದೆವು, ಅಮ್ಮ.

ಅನುರಾಧಾ

*

ಮೈಸೂರು
5 ಏಪ್ರಿಲ್ 2002

ಚಿ. ಅನುರಾಧಾಳಿಗೆ,

ಕೆಲಸ ಚೆನ್ನಾಗಿದೆ. ಕಾಗದ ಚೆನ್ನಾಗಿಲ್ಲ, ಗೆದ್ದವರ ಭಾಷಣದಂತಿದೆ.

ಮಗ್ಗದ ಮನೆಯ ಮಕ್ಕಳು ನಿಧಾನ ಎಂಬುದನ್ನು ಅಳೆದು ನೋಡಿದೆಯೋ, ಕೇಳಲು ಚೆಂದವಾಗಿದೆ ಎಂದು ಬರೆದೆಯೋ? ನೇಯ್ಗೆಯವರಲ್ಲದ ಮನೆಗಳ ಮಕ್ಕಳನ್ನೂ ಕೂರಿಸಿ ಹೋಲಿಸು. ವ್ಯತ್ಯಾಸವಿಲ್ಲದಿದ್ದರೆ ಆ ಮಾತನ್ನು ಇನ್ನೆಲ್ಲೂ ಹೇಳಬೇಡ.

ಇನ್ನೊಂದು. 'ಬಹುಪಾಲು' ಎಂದು ಬರೆದಿದ್ದೀಯ. ಉಳಿದವರು? ಅವರದೇ ಮಾತಿನಲ್ಲಿ, ಅವರದೇ ಮನೆಯ ಕಟ್ಟೆಯ ಮೇಲೆ ಕೂರಿಸಿ ಕೇಳಿದಾಗಲೂ ಉತ್ತರ ಬಾರದ ಮಕ್ಕಳು ಇರಲೇಬೇಕು. ನಾಲ್ಕು ಪುಟದಲ್ಲಿ ಅವರ ಬಗ್ಗೆ ಒಂದು ಸಾಲಿಲ್ಲ. ಅವರ ಮನೆಗೆ ಹೋಗಿದ್ದೆಯಾ?

ಅಮ್ಮ

*

ಇಳಕಲ್
21 ಜುಲೈ 2002

ಅಮ್ಮ,

ಹೋಗಿರಲಿಲ್ಲ. ಈಗ ಹೋಗಿ ಬಂದೆ.

ಬೋರವ್ವ. ದುರ್ಗವ್ವನ ಮಗಳು. ಜೋಹರಾ ಒಮ್ಮೆ, ನಾನು ಒಮ್ಮೆ, ಎರಡು ತಿಂಗಳ ಅಂತರದಲ್ಲಿ ನೋಡಿದೆವು. ನಿನ್ನ ಹೆಸರೇನು ಎಂದರೆ "ಹೆಸರೇನು" ಎನ್ನುತ್ತಾಳೆ. ಕೇಳಿದ ಪ್ರಶ್ನೆಯ ಕೊನೆಯ ಮಾತನ್ನು ತಿರುಗಿ ಹೇಳಿ ನಗುತ್ತಾಳೆ. ಎರಡು ಕಲ್ಲಿನಲ್ಲಿ ದೊಡ್ಡದು ಯಾವುದು ಎಂದರೆ ಎರಡನ್ನೂ ಕೈಗೆ ಕೊಡುತ್ತಾಳೆ. ಯಾವ ಪದ ಬದಲಿಸಿದರೂ, ಯಾರು ಕೇಳಿದರೂ ಅಷ್ಟೇ. ಮಾರ್ಚಿನಲ್ಲೇ ನನಗೆ ಗೊತ್ತಿತ್ತು. ಚುರುಮುರಿ ಹಂಚಿದವಳ ಮನೆಗೆ ಹೋಗಿ ಇದನ್ನು ಹೇಗೆ ಹೇಳಲಿ ಎಂದು ದಿನ ದೂಡಿದೆ.

ಹೇಳಿದೆ. ದುರ್ಗವ್ವ ನೂಲು ಸುತ್ತುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಎಲ್ಲ ಕೇಳಿಸಿಕೊಂಡು ಆಮೇಲೆ ಮಾತನಾಡಿದಳು. ದನಿ ಏರಿಸಲಿಲ್ಲ.

"ಅವತ್ತ ಆ ಸರ್ ಹೇಳಿದಾಗ ಸುಳ್ಳು ಅಂದ್ರಿ. ನಿಮ್ಮ ಮಾತ ನಂಬಿ ನಾ ಓಣಿಗೆಲ್ಲಾ ಚುರುಮುರಿ ಹಂಚಿದೆ. ಈಗ ಅದನ್ನ ನೀವ ಹೇಳಾಕತ್ತೀರಿ, ಖರೆ ಅಂತೀರಿ. ನಿಮ್ಮ ಮಗಳು ಪಾಸಾದ ಮ್ಯಾಲೆ ಪರೀಕ್ಷಾ ಖರೆ ಆತೇನ್ರಿ ಅಕ್ಕಾರ?"

ನಾನು ಅಂಕಗಳ ಬಗ್ಗೆ ಏನೋ ಹೇಳಲು ಹೋದೆ. ಅವಳು ಮಗಳನ್ನು ಕರೆದುಕೊಂಡು ಒಳಗೆ ಹೋದಳು. ಎರಡು ವಾರದಿಂದ ನಮ್ಮ ಮಗ್ಗಗಳಿಗೆ ನೂಲು ಸುತ್ತಿಕೊಡುವುದನ್ನೂ ಬಿಟ್ಟಿದ್ದಾಳೆ. ನಿನ್ನ ಅಳಿಯ ಹುಚ್ಚೇಶರು ಹೋಗಿ ಕೇಳಿದರೆ, ಬೇರೆಯವರಿಗೆ ಕೊಡಿರಿ ಎಂದಳಂತೆ.

ಅವಳು ಹೇಳಿದ್ದು ನಿನಗೆ ನಾನು ಬರೆದ ಮೊದಲ ಕಾಗದದ ಹಾಗೇ ಇತ್ತು. ಅವಳು ಚುಟುಕಾಗಿ ಹೇಳಿದಳು, ಅಷ್ಟೇ ವ್ಯತ್ಯಾಸ. ಪರೀಕ್ಷೆ ಸರಿ ಇದೆ, ಅಮ್ಮ. ನಾನು ಮತ್ತೆ ಮತ್ತೆ ನೋಡಿದ್ದೇನೆ. ಸರಿ ಇದೆ ಎಂದು ಗೊತ್ತಿದ್ದೂ ಅವಳ ಎದುರಿಗೆ ನಿಲ್ಲಲಾರದೆ ಬಂದೆ.

ನೀನು ಎಷ್ಟು ತಾಯಂದಿರಿಗೆ ಹೀಗೆ ಹೇಳಿರಬೇಕು. ಹೇಳಿದ ಮೇಲೆ ಏನು ಮಾಡುತ್ತಿದ್ದೆ?

ಅನುರಾಧಾ

*

ಮೈಸೂರು
3 ಆಗಸ್ಟ್ 2002

ಚಿ. ಅನುರಾಧಾಳಿಗೆ,

ಅವರಿಗೆ ಹೇಳುತ್ತಿದ್ದುದು ನಾನಲ್ಲ. ವರದಿ ಬರೆದು ಆಸ್ಪತ್ರೆಗೋ ಶಾಲೆಗೋ ಕಳಿಸುತ್ತಿದ್ದೆ. ಹೇಳುವವರು ಬೇರೆಯವರು.

ಹಬ್ಬಕ್ಕೆ ಮೊದಲು ಬರುತ್ತೇನೆ. ಆ ಹೆಣ್ಣುಮಗುವನ್ನು ನೋಡಲು. ಗದಗದಲ್ಲಿ ರೈಲು ಬದಲಿಸಬೇಕಂತೆ. ಬಾದಾಮಿಯಲ್ಲಿ ಇಳಿದರೆ ಮುಂದೆ ಬಸ್ಸು ಸಿಗುತ್ತದೆಯೇ ತಿಳಿಸು.

ಅಮ್ಮ

*

ಮೈಸೂರು
17 ಸೆಪ್ಟೆಂಬರ್ 2002

ಚಿ. ಅನುರಾಧಾಳಿಗೆ,

ಸುಖವಾಗಿ ತಲುಪಿದೆ. ನಿಮ್ಮ ರೊಟ್ಟಿ ಅರಸೀಕೆರೆಯವರೆಗೂ ಬಂತು.

ಬಾದಾಮಿ ಸ್ಟೇಷನ್ನಿಗೆ ನಿನ್ನ ಯಜಮಾನರು ಬಂದಿದ್ದರು. ಬಸ್ಸಿನಲ್ಲಿ ನನಗೆ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟು ತಾವು ಇಳಕಲ್ಲಿನವರೆಗೂ ನಿಂತೇ ಬಂದರು. ದಾರಿಯಲ್ಲಿ ಮಾತನಾಡಿಸಲು ನೋಡಿದರು. ನಾನು ಹೆಚ್ಚು ಮಾತನಾಡಲಿಲ್ಲ. ಅದು ಪ್ರಯಾಣದ ಆಯಾಸ ಎಂದುಕೊಂಡಿರಬಹುದು. ಆಯಾಸವಲ್ಲ, ಏನು ಮಾತನಾಡಬೇಕೋ ತಿಳಿಯಲಿಲ್ಲ ಎಂದು ಅವರಿಗೆ ಹೇಳು.

ಒಂದು ವಿಷಯ ಅಲ್ಲಿದ್ದಾಗ ನಿನಗೆ ತಿಳಿಸಲಿಲ್ಲ. ಬೋರವ್ವನನ್ನು ನೀನೂ ನಾನೂ ನೋಡಿದ ಮಾರನೆಯ ದಿನ, ನೀನು ಕಾಲೇಜಿಗೆ ಹೋದ ಮೇಲೆ, ನಾನು ದುರ್ಗವ್ವನ ಮನೆಗೆ ಮತ್ತೊಮ್ಮೆ ಹೋಗಿದ್ದೆ. ದಾರಿ ತೋರಿಸಲು ಸುಶ್ಮಿತಾ ಬಂದಳು. ನನ್ನ ಮಾತು ಆಕೆಗೆ, ಆಕೆಯ ಮಾತು ನನಗೆ ಅಲ್ಲಲ್ಲಿ ಹತ್ತದೆ ಹೋದಾಗ ಸುಶ್ಮಿತಾ ನಡುವೆ ನಿಂತು ಆ ಕಡೆಗೂ ಈ ಕಡೆಗೂ ಹೇಳಿದಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ನಾನು ದುರ್ಗವ್ವನಿಗೆ ಹೇಳಿದ್ದು ಇಷ್ಟು. ಮೊದಲಿನ ಪರೀಕ್ಷೆ ಮಾಡಿದವಳು ನಾನು. ಅದು ನಿಮ್ಮ ಮಗಳನ್ನು ಅರ್ಧ ತರಗತಿಯ ಜೊತೆಗೆ ಒಂದೇ ಗುಂಪಿಗೆ ದೂಡಿತು, ಅವಳನ್ನು ಬೇರೆಯಾಗಿ ಕಾಣಲೇ ಇಲ್ಲ. ಈಗಿನದು ಅವಳನ್ನು ಕಂಡಿದೆ. ನನ್ನ ಮಗಳು ನಿಮಗೆ ಸುಳ್ಳು ಹೇಳಿಲ್ಲ.

"ಕಂಡು ಏನು ಮಾಡ್ತೀರಿ?" ಎಂದು ಕೇಳಿದಳು.

ನವನಗರದ ಶಾಲೆಯಲ್ಲಿ ಇಂಥ ಮಕ್ಕಳಿಗೆ ಕಲಿಸುವವರಿದ್ದಾರೆ ಎಂದೆ. ಆಕೆ ಸುಶ್ಮಿತಾಳ ಕಡೆ ನೋಡಿದಳು.

"ನಿಮ್ಮ ಮೊಮ್ಮಗಳು ಹಿಂಗ ಇದ್ದಿದ್ರ ಅಲ್ಲಿ ಬಿಟ್ಟು ಬರ್ತಿದ್ರೇನ್ರಿ, ಅಮ್ಮಾರ?"

ಸುಶ್ಮಿತಾ ಅದನ್ನೂ ನನಗೆ ತಿಳಿಸಿ ಹೇಳಲು ಬಾಯಿ ತೆರೆದಳು. ಅರ್ಥವಾಯಿತು ಎಂದೆ. ದುರ್ಗವ್ವನಿಗೆ, ಇಲ್ಲ, ಬಿಡುತ್ತಿರಲಿಲ್ಲ ಎಂದೆ.

"ಹಂಗಾದ್ರ ಇಲ್ಲೇ ಕಲಸ್ರಿ. ನಾ ಎಲ್ಲಿಗೂ ಕಳಸಂಗಿಲ್ಲ" ಎಂದಳು.

ನನಗೆ ಸಿಟ್ಟು ಬಂತು. ಎರಡು ದಿನ ರೈಲಿನಲ್ಲಿ ಆ ಸಿಟ್ಟು ಹಾಗೇ ಇತ್ತು. ಮನೆಗೆ ಬಂದು ನನ್ನ ಕೈಪಿಡಿ ತೆಗೆದು ನೋಡಿದೆ. ಅಂಕ ಹೇಗೆ ಕೂಡಬೇಕು ಎಂಬುದಕ್ಕೆ ಮೂರು ಅಧ್ಯಾಯಗಳಿವೆ. ಕೂಡಿದ ಮೇಲೆ ಮಗುವಿಗೆ ಏನು ಮಾಡಬೇಕು ಎಂಬುದಕ್ಕೆ ಒಂದು ಪುಟವೂ ಇಲ್ಲ. ನಿನ್ನದರಲ್ಲೂ ಇಲ್ಲ.

ಬೋರವ್ವನ ಕಿವಿ, ಥೈರಾಯ್ಡ್ ಎರಡನ್ನೂ ಬಾಗಲಕೋಟೆಯಲ್ಲಿ ತೋರಿಸಿ. ತಡ ಮಾಡಬೇಡಿ.

ನಿನ್ನ
ಅಮ್ಮ

*

ಇಳಕಲ್
9 ಜನವರಿ 2003

ಅಮ್ಮ,

ಬೋರವ್ವನ ಕಿವಿ ಚೆನ್ನಾಗಿದೆ. ಥೈರಾಯ್ಡ್ ಸರಿ ಇದೆ. ಔಷಧಿಯಿಂದ ಹೋಗುವಂಥದ್ದು ಏನೂ ಇಲ್ಲ ಎಂದರು ಡಾಕ್ಟರು. ದವಾಖಾನೆಗೆ ದುರ್ಗವ್ವನ ಜೊತೆ ನಾನೂ ಹೋಗಿದ್ದೆ. ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕವೇ ಕೂತಳು. ಆ ವಾರದಿಂದ ನಮ್ಮ ಮಗ್ಗಗಳಿಗೆ ನೂಲು ಬರುತ್ತಿದೆ.

ಕಚೇರಿಯವರು ಈಗ ನಮ್ಮ ಪರೀಕ್ಷೆಯನ್ನೇ ಹಿಡಿದುಕೊಂಡಿದ್ದಾರೆ. ನೀವೇ ಕಡಿಮೆ ಎಂದು ಹೇಳಿದ ಮಕ್ಕಳನ್ನಾದರೂ ನವನಗರಕ್ಕೆ ಕಳಿಸಿರಿ ಎನ್ನುತ್ತಾರೆ. ನನ್ನ ಬಾಯಿಂದ ಬಂದದ್ದನ್ನು ನನ್ನ ಮುಂದೆಯೇ ಇಟ್ಟಿದ್ದಾರೆ. ಯಾವ ಮಗುವಿಗೆ ಹೆಚ್ಚಿನ ಕಲಿಸುವಿಕೆ ಬೇಕು ಎಂದು ತಿಳಿಯಲು ಇದನ್ನು ಮಾಡಿದ್ದೇವೆ, ಯಾರನ್ನು ಹೊರಗೆ ಹಾಕಬೇಕು ಎಂದು ತಿಳಿಯಲು ಅಲ್ಲ ಎಂದೆ. ಅದನ್ನು ಅವರು ಬರೆದುಕೊಳ್ಳಲಿಲ್ಲ.

ಇದರ ಮೇಲೆ ನಿನ್ನೆ ನಿನ್ನ ಪ್ರಕಾಶಕರ ವಕೀಲರಿಂದ ನೋಟೀಸು ಬಂದಿದೆ. ನಿನ್ನ ಪರೀಕ್ಷೆಯನ್ನು ತಿರುಚಿದ್ದೇವಂತೆ, ಕೂಡಲೇ ನಿಲ್ಲಿಸಬೇಕಂತೆ. ಜೋಹರಾಳಿಗೂ ಒಂದು ಬಂದಿದೆ. ಅವಳು ಅದನ್ನು ತನ್ನ ಅಪ್ಪನಿಗೆ ತೋರಿಸಿಲ್ಲ, ಕೆಲಸವನ್ನೂ ನಿಲ್ಲಿಸಿಲ್ಲ.

ಇದು ನಿನ್ನ ಮಾತಿನಿಂದ ಬಂದದ್ದೇ? ಸುತ್ತು ಬಳಸಬೇಡ.

ಅನುರಾಧಾ

*

ಮೈಸೂರು
27 ಜನವರಿ 2003

ಚಿ. ಅನುರಾಧಾಳಿಗೆ,

ಹೌದು. ಹೋದ ವರ್ಷದ ಹಿಂದಿನ ವರ್ಷ ನಾನು ಬರೆದ ಕಾಗದದಿಂದಲೇ ಬಂದದ್ದು.

ನಿನ್ನ ಕಾಗದ ಕೈಗೆ ಬಂದ ದಿನವೇ ಪ್ರಕಾಶಕರ ಹತ್ತಿರ ಹೋದೆ. ಐದನೆಯ ಮುದ್ರಣದ ಕರಡಚ್ಚು ತಿದ್ದಲೆಂದು ನನ್ನ ಕೈಯಲ್ಲಿತ್ತು. ಮೊದಲ ಪುಟದಲ್ಲಿ ಎರಡು ಸಾಲು ಸೇರಿಸಿ ಎಂದೆ: ಈ ಪರೀಕ್ಷೆಯನ್ನು ದಕ್ಷಿಣದ ನಾಲ್ಕು ಜಿಲ್ಲೆಗಳ ಮಕ್ಕಳ ಮೇಲೆ ರೂಪಿಸಲಾಗಿದೆ, ಬೇರೆ ಕಡೆಯ ಮಕ್ಕಳಿಗೆ ಅಲ್ಲಿಯವರು ಅಲ್ಲಿಯ ಮಾತಿನಲ್ಲಿ ಮರುರೂಪಿಸದೆ ಬಳಸಕೂಡದು. ಹಾಗೆ ಹಾಕಿದರೆ ಅರ್ಧ ರಾಜ್ಯದ ಶಾಲೆಗಳು ಪುಸ್ತಕ ತರಿಸುವುದಿಲ್ಲ ಎಂದರು. ತರಿಸಬಾರದು ಎಂದೇ ಹೇಳುತ್ತಿದ್ದೇನೆ ಎಂದೆ. ಅವರು ಒಪ್ಪಲಿಲ್ಲ. ಕರಡಚ್ಚನ್ನು ಮರಳಿ ಕೊಡದೆ ಎದ್ದು ಬಂದೆ. ಪುಸ್ತಕ ನಿಂತಿದೆ. ಅವರು ನನಗೂ ನೋಟೀಸು ಕೊಡಬಹುದು. ಕೊಡಲಿ, ಈ ವಯಸ್ಸಿನಲ್ಲಿ ಕೋರ್ಟು ನೋಡಿದಂತಾಗುತ್ತದೆ.

ನಿಮ್ಮಿಬ್ಬರಿಗೂ ನನ್ನ ಅನುಮತಿ ಪತ್ರ ಇದರ ಜೊತೆಗಿದೆ. ವಕೀಲರಿಗೆ ಅದರ ಪ್ರತಿ ಕಳಿಸಿದ್ದೇನೆ.

ಇದನ್ನು ಕ್ಷಮೆ ಎಂದು ತಿಳಿಯಬೇಡ. ನನ್ನ ಪರೀಕ್ಷೆ ಮೈಸೂರಿನ ಮಗುವಿಗೆ ಈಗಲೂ ಸರಿಯಾಗಿಯೇ ಇದೆ, ಅಲ್ಲ ಎಂದವರ ಜೊತೆ ಜಗಳಕ್ಕೆ ಸಿದ್ಧಳಿದ್ದೇನೆ. ನಿನ್ನದರಲ್ಲಿ ಕಲ್ಲುಗಣಿಯಲ್ಲಿ ಕೆಲಸ ಮಾಡುವವರ ಮಕ್ಕಳು ಒಬ್ಬರೂ ಇಲ್ಲ, ಹುನಗುಂದದ ಸುತ್ತಿನ ಹಳ್ಳಿಗಳಿಲ್ಲ. ಅವನ್ನು ಸೇರಿಸದೆ ಅಚ್ಚಿಗೆ ಕೊಟ್ಟರೆ ಮೊದಲ ಖಂಡನೆ ನಾನೇ ಬರೆಯುತ್ತೇನೆ.

ಸುಶ್ಮಿತಾಳಿಗೆ ಮುತ್ತು. ಹುಚ್ಚೇಶರಿಗೆ ಆಶೀರ್ವಾದ ತಿಳಿಸು.

ಅಮ್ಮ

*

ಇಳಕಲ್
30 ಮಾರ್ಚ್ 2003

ಅಮ್ಮ,

ಕಲ್ಲುಗಣಿಯ ಮಕ್ಕಳನ್ನು ನೋಡಲು ಶುರು ಮಾಡಿದ್ದೇವೆ. ಸಮಯದ ಮಿತಿಯ ವಿಷಯದಲ್ಲಿ ನೀನು ಹೇಳಿದ್ದೇ ಸರಿ, ಮಗ್ಗದ ಮನೆಗೂ ಬೇರೆ ಮನೆಗೂ ಏನೂ ವ್ಯತ್ಯಾಸವಿಲ್ಲ. ಆ ಮಾತನ್ನು ಹೊಡೆದುಹಾಕಿದ್ದೇನೆ. ಪ್ರಶ್ನೆಗಳ ಬಗ್ಗೆ ಉಳಿದದ್ದೆಲ್ಲ ಹಾಗೇ ಇದೆ, ಅದರಲ್ಲಿ ನಾನು ಒಂದಿಂಚೂ ಹಿಂದೆ ಸರಿಯುವುದಿಲ್ಲ.

ಮೊನ್ನೆ ಅಧಿಕಾರಿ ಮತ್ತೆ ಶಾಲೆಗೆ ಬಂದಿದ್ದರು. ನವನಗರಕ್ಕೆ ಕಳಿಸಲು ಒಪ್ಪದ ತಾಯಿ ತಂದೆ, ಮುಂದೆ ಮಗು ಕಲಿಯದಿದ್ದರೆ ಶಾಲೆಗೆ ಜವಾಬ್ದಾರಿ ಇಲ್ಲ ಎಂದು ಬರೆದುಕೊಡಬೇಕಂತೆ. ದುರ್ಗವ್ವನ ಮುಂದೆ ಹಾಳೆ ಇಟ್ಟರು. ಅವಳು ನನ್ನಿಂದ ಓದಿಸಿ ಕೇಳಿಕೊಂಡಳು.

"ಜವಾಬ್ದಾರಿ ಇಲ್ಲ ಅಂತ ಬರದ್ರ ನಾ ಸಹಿ ಮಾಡಂಗಿಲ್ರಿ. ಕೂಸು ಸಾಲ್ಯಾಗ ಕುಂತಿರತದ, ಜವಾಬ್ದಾರಿ ಎಲ್ಲಿ ಹೋಗತದ? ಕಳಸಂಗಿಲ್ಲ ಅಂತ ಬರೀರಿ, ಮಾಡ್ತೇನಿ."

ಅವರು ಬೇರೆ ಹಾಳೆ ತೆಗೆದು ಹಾಗೇ ಬರೆದರು. ಸಹಿ ಮಾಡಿದಳು. ಅವಳ ಹಿಂದೆ ಉರ್ದು ಶಾಲೆಯ ಇಬ್ಬರು ಮಕ್ಕಳ ತಾಯಂದಿರು ನಿಂತಿದ್ದರು, ಅವರೂ ಅದೇ ಮಾತು ಬರೆಸಿ ಸಹಿ ಮಾಡಿದರು.

ಆದೇಶ ಬಂದಿದೆ. ಒಪ್ಪದವರ ಮಕ್ಕಳನ್ನು ಕಳಿಸುವಂತಿಲ್ಲ. ಆದರೆ ಅವರಿಗೆಂದು ಹೆಚ್ಚಿನ ಶಿಕ್ಷಕರನ್ನೂ ಕೊಡುವುದಿಲ್ಲ. ಬೇರೆ ತಾಲೂಕುಗಳ ಮಕ್ಕಳು ನವನಗರಕ್ಕೆ ಹೋಗುತ್ತಲೇ ಇದ್ದಾರೆ. ಅಲ್ಲೆಲ್ಲ ಇನ್ನೂ ಹಸಿರು ರಟ್ಟಿನ ಪುಸ್ತಕವೇ ನಡೆದಿದೆ. ಅದನ್ನೂ ನಿಲ್ಲಿಸಬೇಕು.

ಇಲ್ಲಿ ಸದ್ಯಕ್ಕೆ ನನ್ನ ಟಿ.ಸಿ.ಎಚ್. ವಿದ್ಯಾರ್ಥಿಗಳು ಸರದಿಯ ಮೇಲೆ ಹೋಗಿ ದಿನಕ್ಕೊಂದು ತಾಸು ಈ ಮಕ್ಕಳ ಜೊತೆ ಕೂರುತ್ತಾರೆ. ಪರೀಕ್ಷೆಯ ನಂತರ ಏನು ಮಾಡಬೇಕು ಎಂಬ ಅಧ್ಯಾಯವನ್ನು ಜೋಹರಾ ಬರೆಯುತ್ತಿದ್ದಾಳೆ. ಇನ್ನೂ ಎರಡೇ ಪುಟ ಆಗಿದೆ. ಅದರಲ್ಲಿ ಖಾತ್ರಿಯಾಗಿ ಗೊತ್ತಿರುವುದನ್ನು ಮಾತ್ರ ಬರೆಯುತ್ತೇನೆ ಎಂದು ಹಟ ಹಿಡಿದಿದ್ದಾಳೆ.

ಬೋರವ್ವ ಈ ವರ್ಷ ಒಂದು ಅಕ್ಷರ ಕಲಿತಿದ್ದಾಳೆ. ತನ್ನ ಹೆಸರಿನ ಮೊದಲಿನದು. ಒಂದು ದಿನ ಸರಿಯಾಗಿ ಬರೆಯುತ್ತಾಳೆ, ಮರುದಿನ ಮರೆತಿರುತ್ತಾಳೆ. ಜೊತೆಯವರು ಇಡೀ ಪುಸ್ತಕ ಮುಗಿಸಿದ್ದಾರೆ. ಇದಕ್ಕಿಂತ ಹೆಚ್ಚು ಆಗಿದೆ ಎಂದು ಬರೆದರೆ ನೀನು ನಂಬುವುದಿಲ್ಲ, ನಾನೂ ಬರೆಯುವುದಿಲ್ಲ. ದುರ್ಗವ್ವ ಮೊನ್ನೆ ಬಂದು ಎರಡನೆಯ ಅಕ್ಷರ ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿ ಹೋದಳು.

ಜೂನ್‌ನಲ್ಲಿ ಬೋರವ್ವ ಮೂರನೆಯ ತರಗತಿಗೆ ಹೋಗುತ್ತಾಳೆ. ಇದೇ ಊರಿನಲ್ಲಿ, ಇದೇ ಶಾಲೆಯಲ್ಲಿ, ಸುಶ್ಮಿತಾಳ ಪಕ್ಕದಲ್ಲಿ ಕೂರುತ್ತಾಳೆ. ಎಬ್ಬಿಸುವವರು ಬಂದು ಎಬ್ಬಿಸಲಿ, ನೋಡೋಣ.

ಅನುರಾಧಾ